ಅಟ್ಟದ ಮೇಲಿನ ಪ್ಲೇಟು, ಕಿಸೆಯೊಳಗಿನ ಸಂಗೀತ

ಈ ಕಡೆ ತಲೆ ಹಾಕದೆ ಬಹಳ ದಿನಗಳಾದವು. ಕೆಲಸ, ಡೆಡ್‌ಲೈನು, ಅದೇ ಹಳೇ ನೆಪಗಳು. ಈ ಸಲ ದೀಪಾವಳಿಗೆ ಹರಪನಹಳ್ಳಿಗೆ ಹೋದಾಗ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಅದನ್ನು ಬಗೆಹರಿಸಲು ಹೋಗಿ ನೂರಿಪ್ಪತ್ತು ವರ್ಷಗಳ ಇತಿಹಾಸ ಓದಬೇಕಾಯಿತು. ಓದಿದ್ದನ್ನೂ ಕೇಳಿದ್ದನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ಚಹಾ ಇಟ್ಟುಕೊಂಡು ಕುಳಿತುಕೊಳ್ಳಿ :-)

ಮನೆಗೆ ಬಣ್ಣ ಹೊಡೆಸಬೇಕು ಅಂತ ಅಪ್ಪ ಅಟ್ಟ ಖಾಲಿ ಮಾಡಿಸುತ್ತಿದ್ದ. ಹಿತ್ತಾಳೆ ಕೊಡ, ಮುರಿದ ತೊಟ್ಟಿಲು, ಇವುಗಳ ಹಿಂದೆ ಒಂದು ತಗಡಿನ ಟ್ರಂಕು ಸಿಕ್ಕಿತು. ಮುಚ್ಚಳ ತೆಗೆದರೆ ಮೇಲೆ ಸಿಡಿಗಳು. ಅದರ ಕೆಳಗೆ ಕ್ಯಾಸೆಟ್ಟುಗಳು. ಇನ್ನೂ ಕೆಳಗೆ ಹತ್ತು ಹನ್ನೆರಡು ಎಲ್‌ಪಿಗಳು. ತೀರಾ ತಳದಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟ, ಕೈಗೆ ಭಾರವಾಗುವ ಕಪ್ಪು ಪ್ಲೇಟುಗಳು. ಮಣ್ಣಿನ ಪದರಗಳ ಹಾಗೆ, ಕೆಳಗಿಳಿದಷ್ಟೂ ಹಳೆಯದು.

"ಗುಜರಿಯವನು ಬರತಾನ, ಕೊಟ್ಟುಬಿಡೂನು. ಎಲ್ಲಾ ಈಗ ಮೊಬೈಲ್‌ನಾಗ ಬರತೈತಲ್ಲ" ಅಂದ ಅಪ್ಪ.

ಹೊರಸಿನ ಮೇಲೆ ಕೂತಿದ್ದ ಅಜ್ಜ ತಲೆ ಎತ್ತಲೇ ಇಲ್ಲ. "ಮೊಬೈಲ್‌ನಾಗ ಬರೋದು ಅದಲ್ಲ" ಅಂದ, ಅಷ್ಟೇ.

ಅಜ್ಜ ಹಾರ್ಮೋನಿಯಂ ಮಾಸ್ತರ. ಕೊಟ್ಟೂರು, ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಅಂತ ನಮ್ಮ ಸುತ್ತಲಿನ ಊರುಗಳ ನಾಟಕಗಳಿಗೆ, ಭಜನೆಗಳಿಗೆ ಪೇಟಿ ನುಡಿಸಿದವನು. ಆದರೆ ಈಗ ವಯಸ್ಸು 84. ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ. ವಯಸ್ಸಾದಂತೆ ಕಿವಿಯಲ್ಲಿ ಮೊದಲು ಮಂಕಾಗುವುದು ಮೇಲಿನ ಆವರ್ತನಗಳು ಅನ್ನುವುದು ಗೊತ್ತಿದ್ದ ನನಗೆ, ಅಜ್ಜನ ಮಾತು ಬರೀ ಹಳೇ ವಸ್ತುವಿನ ಮೋಹ ಅನ್ನಿಸಿತು. ಬೆಂಗಳೂರಿನಲ್ಲಿ ನನ್ನ ಆಫೀಸಿನಲ್ಲೂ ಇಂಥವರಿದ್ದಾರೆ. ಸಾವಿರಾರು ರೂಪಾಯಿ ಕೊಟ್ಟು ವಿನೈಲ್ ತಂದು "ಸೌಂಡ್ ಎಷ್ಟು ವಾರ್ಮ್ ನೋಡು" ಅನ್ನುವವರು. ಅವರಿಗೆ ನಗುವ ನಾನು ಅಜ್ಜನಿಗೂ ಒಳಗೊಳಗೇ ನಕ್ಕೆ.

ಆದರೂ ಗುಜರಿಗೆ ಹಾಕುವುದಕ್ಕೆ ಮನಸ್ಸು ಬರಲಿಲ್ಲ. "ಒಂದ್ ವಾರ ತಡಿ ಅಪ್ಪ, ನೋಡಿ ಹೇಳ್ತೀನಿ" ಅಂದೆ. ಪ್ರಶ್ನೆ ಸರಳವಾಗಿತ್ತು: ಈ ಟ್ರಂಕಿನಲ್ಲಿ ಇರುವುದೆಲ್ಲ ನಿಜವಾಗಿಯೂ ಮೊಬೈಲಿನಲ್ಲಿ ಇದೆಯಾ? ಇದ್ದರೆ ಅಷ್ಟೇ ಚೆನ್ನಾಗಿ ಇದೆಯಾ?

* * *

ತಳದಿಂದಲೇ ಶುರು ಮಾಡೋಣ. ಅಲ್ಲ, ತಳಕ್ಕಿಂತಲೂ ಒಂದು ಪದರ ಕೆಳಗಿನಿಂದ.

ನಮ್ಮೂರಿನ ಹೆಸರು ಸಂಗೀತದ ಜೊತೆ ಸೇರಿಕೊಂಡಿರುವುದು ಹರಪನಹಳ್ಳಿ ಭೀಮವ್ವನಿಂದ. 19ನೇ ಶತಮಾನದ ಹರಿದಾಸಿ, ಅಂಕಿತ 'ಭೀಮೇಶಕೃಷ್ಣ'. ಆಕೆಯ ಹಾಡುಗಳನ್ನು ಇವತ್ತಿಗೂ ಹೆಂಗಸರು ಹಬ್ಬ ಹರಿದಿನಗಳಲ್ಲಿ ಹೇಳುತ್ತಾರೆ. ಆಕೆಯ ಕಾಲಕ್ಕೆ ಇಲ್ಲಿ ಧ್ವನಿಮುದ್ರಣ ಅನ್ನುವುದೇ ಇರಲಿಲ್ಲ. ಹಾಡು ಬಾಯಿಂದ ಬಾಯಿಗೆ, ಅತ್ತೆಯಿಂದ ಸೊಸೆಗೆ ಹೋಯಿತು. ಪದಗಳು ಉಳಿದವು. ಆದರೆ ಆಕೆಯ ಗಂಟಲು ಹೇಗಿತ್ತು, ಯಾವ ಧಾಟಿಯಲ್ಲಿ ಹೇಳುತ್ತಿದ್ದಳು? ಒಂದು ಮನೆಯ ಧಾಟಿ ಪಕ್ಕದ ಮನೆಯಲ್ಲಿಲ್ಲ. ಮುದ್ರಣವಿಲ್ಲದೆ ಹೋದರೆ ಏನು ಉಳಿಯುತ್ತದೆ, ಏನು ಹೋಗುತ್ತದೆ ಅನ್ನುವುದಕ್ಕೆ ನಮ್ಮೂರಿನಲ್ಲೇ ಉದಾಹರಣೆ ಇದೆ.

ಈಗ ತಳದ ಪ್ಲೇಟುಗಳು. 1902ರ ನವೆಂಬರ್‌ನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಯಂತ್ರ ಹೂಡಿಕೊಂಡು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ. ಮೈಕ್ ಇಲ್ಲ, ಕರೆಂಟಿನ ಹಂಗಿಲ್ಲ. ದೊಡ್ಡ ತುತ್ತೂರಿಯಂಥ ಕೊಳವೆಯೊಳಗೆ ಗಾಯಕಿ ಗಟ್ಟಿಯಾಗಿ ಹಾಡಬೇಕು. ಆ ದನಿಯ ಒತ್ತಡಕ್ಕೇ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆ ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹಡಗಿನಲ್ಲಿ ಹೋಗಿ, ಅಲ್ಲಿ ಅಚ್ಚಾಗಿ ವಾಪಸು ಬರುತ್ತಿದ್ದವು. ಅಲ್ಲಿಯವರಿಗೆ ಹಾಡಿದ್ದು ಯಾರು ಅಂತ ತಿಳಿಯಲಿ ಎಂದು ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಹೇಳುತ್ತಿದ್ದರು. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಮೆಟಾಡೇಟಾ! ಕಲ್ಕತ್ತೆಯ ಸಿಯಾಲ್ದಾದಲ್ಲೇ ಪ್ಲೇಟು ಅಚ್ಚು ಹಾಕುವ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಪ್ಲೇಟಿಗೆ ಬೇಕಾದ ಅರಗು ಹೇಗೂ ನಮ್ಮ ದೇಶದ್ದೇ.

ಆ ತುತ್ತೂರಿ ಹಿಡಿದಿಡುತ್ತಿದ್ದದ್ದು ಸುಮಾರು 250ರಿಂದ 2,500 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ. ಮನುಷ್ಯನ ಕಿವಿ 20,000ದವರೆಗೆ ಕೇಳುತ್ತದೆ ಅಂತ ನಾವು ಓದಿದ್ದೇವೆ. 1925ರಲ್ಲಿ ಮೈಕ್ ಮತ್ತು ಆಂಪ್ಲಿಫೈಯರ್ ಬಂದ ಮೇಲೆ ಅದು 5,000ದ ಆಚೀಚೆಗೆ ಏರಿತು. ಇನ್ನು ಅವಧಿ: ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಒಂದು ಗಂಟೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕು. ವಿಲಂಬಿತಕ್ಕೆ ಜಾಗವೇ ಇಲ್ಲ. ಎರಡು ಆಲಾಪ, ಬಂದಿಶ್, ನಾಲ್ಕು ತಾನ್, ಮುಗಿಯಿತು.

ಅಂಕಿ ಅಂಶ ನೋಡಿದರೆ ಇದಕ್ಕಿಂತ ಕೆಟ್ಟ ಮಾಧ್ಯಮ ಇನ್ನೊಂದಿಲ್ಲ. ಆದರೆ ಆ ಕೆಟ್ಟ ಮಾಧ್ಯಮ ಮಾಡಿದ ಕೆಲಸ ನೋಡಿ. ನಮ್ಮೂರಿನಿಂದ ಹಡಗಲಿ, ಮುಂಡರಗಿ ದಾಟಿದರೆ ಗದಗ. ಅಲ್ಲಿ ಒಬ್ಬ ಹುಡುಗ ಅಂಗಡಿಯಲ್ಲಿ ಹಾಕಿದ್ದ ಪ್ಲೇಟು ಕೇಳುತ್ತಾ ನಿಂತುಬಿಡುತ್ತಿದ್ದ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮ್ರಿ ಅದು. ಹಾಗೆ ಹಾಡುವುದನ್ನು ಕಲಿಯಲೇಬೇಕು ಅಂತ ಹನ್ನೊಂದನೇ ವಯಸ್ಸಿನಲ್ಲಿ, 1933ರಲ್ಲಿ, ಆ ಹುಡುಗ ಮನೆ ಬಿಟ್ಟು ಓಡಿಹೋದ. ಗ್ವಾಲಿಯರ್ ಅಂತ, ಜಲಂಧರ್ ಅಂತ ಉತ್ತರವೆಲ್ಲ ಅಲೆದ. ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲೇ! ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಹುಡುಗನ ಹೆಸರು ಭೀಮಸೇನ ಜೋಶಿ ಅಂತ ನಿಮಗೆ ಆಗಲೇ ಗೊತ್ತಾಗಿರುತ್ತದೆ. ಮೂರು ನಿಮಿಷದ, ಗರಗರ ಅನ್ನುವ ಪ್ಲೇಟಿನಿಂದ ಒಬ್ಬ ಭಾರತರತ್ನ ಹೊರಟ. ಸೌಂಡ್ ಕ್ವಾಲಿಟಿ ಬಗ್ಗೆ ವಾದ ಮಾಡುವಾಗ ಇದನ್ನು ನಾವು ಮರೆಯಬಾರದು.

ಇನ್ನೊಂದು ಉದಾಹರಣೆ ಗಂಗೂಬಾಯಿ ಹಾನಗಲ್. ನಮಗೆಲ್ಲ ಗೊತ್ತಿರುವುದು ಅವರ ಗಂಭೀರವಾದ, ಗಂಡು ದನಿಯಂತೆ ಕೇಳುವ ಕಂಠ. ಆದರೆ 1930ರ ದಶಕದ ಪ್ಲೇಟುಗಳಲ್ಲಿ ಇರುವುದು ತೆಳುವಾದ, ಎತ್ತರದ ಶ್ರುತಿಯ ಹೆಣ್ಣು ದನಿ. ಮುಂದೆ ಗಂಟಲಿನ ತೊಂದರೆ ಮತ್ತು ಚಿಕಿತ್ಸೆಯ ನಂತರ ದನಿ ಬದಲಾಯಿತು. ಆ ಮೊದಲ ದನಿ ಈಗ ಇರುವುದು ಆ ಪ್ಲೇಟುಗಳಲ್ಲಿ ಮಾತ್ರ. ಅವು ಇಲ್ಲದಿದ್ದರೆ ಅದೂ ಭೀಮವ್ವನ ದನಿಯ ಹಾಗೆ ಹೋಗಿರುತ್ತಿತ್ತು.

* * *

ಮೇಲಿನ ಪದರಗಳನ್ನು ಬೇಗ ದಾಟುತ್ತೇನೆ.

ಎಲ್‌ಪಿ ಅಮೆರಿಕದಲ್ಲಿ ಬಂದದ್ದು 1948ರಲ್ಲಿ. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ನಮ್ಮ ಸಂಗೀತಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಆಗ. ವಿಲಂಬಿತ ಖ್ಯಾಲ್ ಪ್ಲೇಟಿನ ಮೇಲೆ ಬಂತು. ಆದರೆ ನಮ್ಮಂಥ ಊರುಗಳಲ್ಲಿ ಎಷ್ಟು ಮನೆಗಳಲ್ಲಿ ಪ್ಲೇಯರ್ ಇತ್ತು? ಅಜ್ಜ ನಾಟಕದ ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಪ್ಲೇಯರ್ ತಂದನಂತೆ. ಅದನ್ನು ನೋಡಲೆಂದೇ ಓಣಿಯ ಜನ ಬರುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದಳು.

ಹಳ್ಳಿಹಳ್ಳಿಗೂ ಸಂಗೀತ ತಲುಪಿಸಿದ್ದು ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನು ಹೊರತಂದದ್ದು 1963ರಲ್ಲಿ, ನಮ್ಮಲ್ಲಿ ಅದರ ರಾಜ್ಯಭಾರ 80 ಮತ್ತು 90ರ ದಶಕಗಳಲ್ಲಿ. ವಚನ, ದಾಸರಪದ, ನಾಟಕದ ಹಾಡು ಎಲ್ಲ ಅದರಲ್ಲೇ. ಸುಸ್ಸ್ ಅನ್ನುವ ಹಿನ್ನೆಲೆ ಸದ್ದು, ಪೆನ್ಸಿಲ್ ತೂರಿಸಿ ಟೇಪ್ ಸುತ್ತುವುದು, ಸೆಲ್ ವೀಕಾದಾಗ ಗಾಯಕರು ನಿದ್ದೆಗೆ ಜಾರಿದಂತೆ ಹಾಡುವುದು, ಇವೆಲ್ಲ ಅಪ್ಪನ ತಲೆಮಾರಿನ ನೆನಪುಗಳು.

ಸಿಡಿ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರಲ್ಲಿ. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು. ಇಲ್ಲಿಂದ ನನ್ನ ಇಲಾಖೆ ಶುರು :-) ಸೆಕೆಂಡಿಗೆ 44,100 ಸಲ ಸದ್ದಿನ ಎತ್ತರವನ್ನು ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆಯುವುದು, ಎಡಕ್ಕೊಂದು ಬಲಕ್ಕೊಂದು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್, ಅಂದರೆ 1,411 ಕಿಲೋಬಿಟ್. ಅಳತೆಯ ವೇಗದ ಅರ್ಧದಷ್ಟು ಆವರ್ತನದವರೆಗೆ ಸದ್ದನ್ನು ಸರಿಯಾಗಿ ಮರಳಿ ಪಡೆಯಬಹುದು ಅನ್ನುವುದು ಗಣಿತ. ಆದ್ದರಿಂದ 22,050 ಹರ್ಟ್ಜ್‌ವರೆಗೆ ಎಲ್ಲವೂ ಸಿಡಿಯಲ್ಲಿ ಇರಬಹುದು. ಮನುಷ್ಯನ ಕಿವಿಗೆ ಬೇಕಾದ್ದು ಇದರೊಳಗೇ ಬಂತು.

ಆಮೇಲೆ ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಮುಂದೆ ನಿಂತು ಮಾಡಿದ್ದು. ಆ ಹೆಸರು ಇಟ್ಟದ್ದು 1995ರಲ್ಲಿ. ಇದರ ಉಪಾಯ ಚೆಂದ ಇದೆ. ಜಾತ್ರೆಯಲ್ಲಿ ಡೊಳ್ಳು ಬಾರಿಸುವಾಗ ಪಕ್ಕದವನ ಪಿಸುಮಾತು ಕೇಳುತ್ತದೆಯೇ? ಇಲ್ಲ. ಹಾಗಾದರೆ ಆ ಪಿಸುಮಾತನ್ನು ಬರೆದುಕೊಳ್ಳುವುದು ಯಾಕೆ? ದೊಡ್ಡ ಸದ್ದಿನ ಅಡಿಯಲ್ಲಿ ಮುಚ್ಚಿಹೋಗುವ ಸಣ್ಣ ಸದ್ದುಗಳನ್ನು ಬಿಟ್ಟುಬಿಟ್ಟರೆ ಫೈಲು ಸಿಡಿಯ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಸ್ಟ್ರೀಮಿಂಗ್ ನಿಂತಿರುವುದು ಈ ಬಗೆಯ ಉಪಾಯಗಳ ಮೇಲೆಯೇ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. ದುಡ್ಡು ಕೊಟ್ಟವರಿಗೆ 320 ಕಿಲೋಬಿಟ್‌ವರೆಗೆ ಕೊಡುತ್ತಿತ್ತು. 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್, 2025ರಲ್ಲಿ ಸ್ಪಾಟಿಫೈ ಏನನ್ನೂ ಬಿಡದ 'ಲಾಸ್‌ಲೆಸ್' ದರ್ಜೆಯನ್ನು ಸೇರಿಸಿದವು. ಅಂದರೆ ಲೆಕ್ಕದ ಪ್ರಕಾರ ಸ್ಟ್ರೀಮಿಂಗ್ ಈಗ ಸಿಡಿಗೆ ಸಮ.

ಇಷ್ಟೆಲ್ಲ ಬದಲಾಗುವ ಹೊತ್ತಿಗೆ ನಮ್ಮೂರು ಬಳ್ಳಾರಿ ಜಿಲ್ಲೆಯಿಂದ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. "ಊರು ಅದ ಐತಿ, ಅಡ್ರೆಸ್ ಬ್ಯಾರೆ ಆಗೈತಿ" ಅಂತ ಅಜ್ಜ ನಗುತ್ತಾನೆ. ಹಾಡಿಗೂ ಹೀಗೇ ಆಗಿದೆ ಅಂತ ನಾನು ಅಂದುಕೊಂಡಿದ್ದೆ.

* * *

ಈಗ ಪರೀಕ್ಷೆ. ಟ್ರಂಕಿನಲ್ಲಿದ್ದ ಭೀಮಸೇನ ಜೋಶಿಯವರ ಒಂದು ಸಿಡಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಅದರಿಂದ 320, 128, 64 ಕಿಲೋಬಿಟ್‌ನ ಮೂರು ಎಂಪಿ3 ಮಾಡಿದೆ. ಎಲ್ಲದರ ವಾಲ್ಯೂಮ್ ಒಂದೇ ಇರುವಂತೆ ನೋಡಿಕೊಂಡೆ. ಇದು ಬಹಳ ಮುಖ್ಯ, ಯಾಕೆಂದರೆ ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿಗೆ ಅನ್ನಿಸುತ್ತದೆ. ಬ್ಲೂಟೂತ್ ಬಿಟ್ಟು ವೈರ್ ಇರುವ ಹೆಡ್‌ಫೋನ್ ಬಳಸಿದೆ. ಬ್ಲೂಟೂತ್ ಸ್ಪೀಕರಿಗೆ ಹೋಗುವಾಗ ಹಾಡು ಸಾಮಾನ್ಯವಾಗಿ ಇನ್ನೊಮ್ಮೆ ಹಿಂಡಿಸಿಕೊಂಡೇ ಹೋಗುತ್ತದೆ. ಲಾಸ್‌ಲೆಸ್‌ಗೆ ದುಡ್ಡು ಕಟ್ಟಿ ಬ್ಲೂಟೂತಿನಲ್ಲಿ ಕೇಳುವವರು ಇದನ್ನು ಗಮನಿಸಿ. ಯಾವುದು ಸಿಡಿ, ಯಾವುದು ಎಂಪಿ3 ಅಂತ ಗೊತ್ತಾಗದಂತೆ ಹತ್ತತ್ತು ಸಲ ಕೇಳುವುದು, ಗುರುತಿಸುವುದು.

64 ಅನ್ನು ಹತ್ತಕ್ಕೆ ಹತ್ತು ಸಲ ಗುರುತಿಸಿದೆ. 128ರಲ್ಲಿ ಏಳು. ಖುಷಿಪಡುವ ಹಾಗಿಲ್ಲ, ಸುಮ್ಮನೆ ನಾಣ್ಯ ಚಿಮ್ಮಿ ಹೇಳಿದರೂ ಹತ್ತರಲ್ಲಿ ಏಳು ಅಥವಾ ಹೆಚ್ಚು ಬರುವ ಸಾಧ್ಯತೆ ಹೆಚ್ಚುಕಡಿಮೆ ಆರಕ್ಕೆ ಒಂದು. 320ರಲ್ಲಿ ಐದು. ಅಂದರೆ ನನಗೆ ಏನೂ ಗೊತ್ತಾಗಲಿಲ್ಲ. ನನ್ನದು ಇಪ್ಪತ್ತರ ಕೊನೆಯ ಕಿವಿ. ಇದಕ್ಕಿಂತ ಒಳ್ಳೆಯ ಕಿವಿ ನನಗೆ ಮುಂದೆ ಸಿಗುವುದಿಲ್ಲ :-(

ಅಜ್ಜನಿಗೆ ಹೆಡ್‌ಫೋನ್ ಹಾಕಿದೆ. 64 ಕೇಳಿದ ಕೂಡಲೇ ಮುಖ ಹುಳ್ಳಗೆ ಮಾಡಿ "ತಂಬೂರಿ ನೀರಾಗ ಮುಳುಗಿದಂಗ ಐತಿ" ಅಂದ. ಇದು ಸರಿಯಾದ ವರ್ಣನೆ. ತಂಬೂರಿಯ ಜೀವಾಳಿಯಿಂದ ಏಳುವ ನೂರಾರು ಸಣ್ಣ ಸಣ್ಣ ಸ್ವರಗಳೇ ಎಂಪಿ3 ಮೊದಲು ಕತ್ತರಿಸುವ ಜಾಗ. ನಮ್ಮ ಸಂಗೀತದಲ್ಲಿ ಬಿಟ್‌ರೇಟ್ ಕಮ್ಮಿಯಾದದ್ದು ಮೊದಲು ಗೊತ್ತಾಗುವುದು ಹಾಡುಗಾರರ ದನಿಯಲ್ಲಲ್ಲ, ಹಿಂದಿನ ತಂಬೂರಿಯಲ್ಲಿ. ಆದರೆ 320 ಮತ್ತು ಸಿಡಿ ಎರಡನ್ನೂ ಕೇಳಿ ಅಜ್ಜ "ಎರಡೂ ಅದ ಐತಲ್ಲ, ಏನ್ ಪರೀಕ್ಷಾ ಮಾಡಾಕತ್ತೀಯಪಾ?" ಅಂದ.

ನಾನು ಗೆದ್ದೆ ಅಂದುಕೊಂಡೆ. "ಮತ್ತ ಮೊಬೈಲ್‌ನಾಗ ಬರೋದು ಅದಲ್ಲ ಅಂದೆಲ್ಲ ಅಜ್ಜಾ?" ಅಂತ ಕೇಳಿದೆ.

"ನಾ ಹೇಳಿದ್ದು ಈ ಸಿಡಿ ಮಾತಲ್ಲ. ಖಾನ್‌ಸಾಹೇಬ್ರ ಪ್ಲೇಟಿನ ಮಾತು."

* * *

ಟ್ರಂಕಿನ ತಳದಲ್ಲಿ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟು ಇದೆ. ಅದು ಅಜ್ಜನ ಅಪ್ಪನದು. ಅದೇ ಹಾಡನ್ನು ಕಳೆದ ವರ್ಷ ನಾನು ಮೊಬೈಲಿನಲ್ಲಿ ಹುಡುಕಿ ಅಜ್ಜನಿಗೆ ಕೇಳಿಸಿದ್ದೆ. ಅಜ್ಜ ಆಗಲೂ ಏನೋ ಗೊಣಗಿದ್ದ, ನಾನು ಗಮನ ಕೊಟ್ಟಿರಲಿಲ್ಲ. ಈಗ ಮತ್ತೆ ಹಾಕಲು ಹೇಳಿದ. ಪೇಟಿ ಎಳೆದುಕೊಂಡು ಷಡ್ಜ ಹುಡುಕಿದ. ಒಂದು ಮನೆ ಒತ್ತಿದ, ಕೆಳಗಾಯಿತು. ಮುಂದಿನ ಮನೆ ಒತ್ತಿದ, ಮೇಲಾಯಿತು. "ನೋಡು, ಎರಡು ಮನಿ ನಡುವ ಸಿಕ್ಕೊಂಡೈತಿ. ಇವರ ಹಿಂದ ಪೇಟಿ ನುಡಿಸಾಂವ ಗ್ವಾಡ್ಯಾಗ ಕೈ ಇಟ್ಟು ನುಡಿಸಿದನೇನು?" ಅಂದ.

ಈಗ ನನಗೆ ಕುತೂಹಲ ಹುಟ್ಟಿತು. ಅದೇ ಹಾಡಿನ ಇನ್ನೊಂದು ಅಪ್‌ಲೋಡ್ ಬೇರೆ ಆ್ಯಪಿನಲ್ಲಿ ಸಿಕ್ಕಿತು. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಅಳೆದೆ. ಎರಡರ ಷಡ್ಜಕ್ಕೂ ಹೆಚ್ಚುಕಡಿಮೆ ಅರ್ಧ ಮನೆಯ ವ್ಯತ್ಯಾಸ! ಒಂದೇ ಪ್ಲೇಟಿನಲ್ಲಿ ಗಾಯಕರು ಒಂದೇ ಶ್ರುತಿಯಲ್ಲಿ ಹಾಡಿರಬೇಕು ತಾನೇ? ಎರಡೂ ಸರಿ ಇರಲು ಸಾಧ್ಯವೇ ಇಲ್ಲ.

ಕಾರಣ ಹುಡುಕಿದಾಗ ಸಿಕ್ಕಿದ್ದು ಇದು. ನಾವು 78 ಆರ್‌ಪಿಎಂ ಪ್ಲೇಟು ಅನ್ನುತ್ತೇವೆ, ಆದರೆ ಆ ಕಾಲದ ಎಲ್ಲ ಪ್ಲೇಟುಗಳೂ ನಿಖರವಾಗಿ 78ರಲ್ಲೇ ಮುದ್ರಣವಾಗಿರಲಿಲ್ಲ. ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯ ಮುದ್ರಣದಿಂದ ಮುದ್ರಣಕ್ಕೆ ವೇಗ ಬದಲಾಗುತ್ತಿತ್ತು. ಅದನ್ನು ಡಿಜಿಟಲ್ ಮಾಡುವವರು ಎರಡು ಸುತ್ತು ಹೆಚ್ಚು ಓಡಿಸಿದರೂ ಸಾಕು. 78ರ ಬದಲು 80ರಲ್ಲಿ ಓಡಿದರೆ ಶ್ರುತಿ ಎಷ್ಟು ಏರುತ್ತದೆ ಅಂತ ಲೆಕ್ಕ ಹಾಕಿದೆ: ಒಂದು ಮನೆಯನ್ನು ನೂರು ಪಾಲು ಮಾಡಿದರೆ ಅದರಲ್ಲಿ ಸುಮಾರು 44 ಪಾಲು. ಹಾಡು ಎರಡೂವರೆ ಪರ್ಸೆಂಟ್ ಬೇಗ ಓಡುತ್ತದೆ, ದನಿ ತೆಳುವಾಗುತ್ತದೆ, ತಾನ್‌ಗಳು ಇದ್ದದ್ದಕ್ಕಿಂತ ಚುರುಕಾಗಿ ಕೇಳುತ್ತವೆ. ಮೇಲೆ ಹೇಳಿದ ಗಂಗೂಬಾಯಿಯವರ ಹಳೆಯ ಪ್ಲೇಟನ್ನು ಹೀಗೆ ಓಡಿಸಿದರೆ ಏನಾದೀತು ಯೋಚಿಸಿ. ಆ ದನಿ ನಿಜವಾಗಿ ಎಷ್ಟು ತೆಳುವಾಗಿತ್ತು ಅನ್ನುವುದಕ್ಕೆ ಇರುವ ಒಂದೇ ಸಾಕ್ಷಿಯೇ ಸುಳ್ಳು ಹೇಳುತ್ತದೆ.

ಹಾಗಂತ ನಮ್ಮ ಪ್ಲೇಯರ್ ಹರಿಶ್ಚಂದ್ರನೇನಲ್ಲ. ತಟ್ಟೆಯ ಮೇಲೆ ಬಿಳಿ ಚುಕ್ಕೆ ಅಂಟಿಸಿ, ಮೊಬೈಲಿನಲ್ಲಿ ವಿಡಿಯೋ ತೆಗೆದು, ನಿಮಿಷಕ್ಕೆ ಎಷ್ಟು ಸುತ್ತು ಅಂತ ಎಣಿಸಿದೆ. 74! ಒಳಗಿನ ರಬ್ಬರ್ ಗಟ್ಟಿಯಾಗಿ ಜಾರುತ್ತಿತ್ತು. ದಾವಣಗೆರೆಯಲ್ಲಿ ಒಬ್ಬರು ಹಳೇ ರೇಡಿಯೋ ರಿಪೇರಿಯವರು ಸರಿ ಮಾಡಿಕೊಟ್ಟ ಮೇಲೆ 78ಕ್ಕೆ ಬಂತು. ಅಜ್ಜನ ಅಪ್ಪನ ಕಾಲದ ಕೀಲಿ ಕೊಡುವ ಗ್ರಾಮಫೋನ್ ಅಂತೂ ಸ್ಪ್ರಿಂಗ್ ಸಡಿಲಾದಂತೆ ನಿಧಾನವಾಗುತ್ತಿತ್ತು. ಅದಕ್ಕೆ ಅವರು ಏನು ಮಾಡುತ್ತಿದ್ದರು ಗೊತ್ತೇ? ಪೆಟ್ಟಿಗೆಯ ಮೇಲೆ ವೇಗ ಹೆಚ್ಚು ಕಡಿಮೆ ಮಾಡುವ ಸಣ್ಣ ಹಿಡಿ ಇರುತ್ತಿತ್ತು. ಪಕ್ಕದಲ್ಲಿ ಪೇಟಿ ಇಟ್ಟುಕೊಂಡು, ಪ್ಲೇಟಿನೊಳಗಿನ ಪೇಟಿಯ ಸ್ವರ ತಮ್ಮ ಪೇಟಿಯ ಮನೆಯ ಮೇಲೆ ಕೂರುವವರೆಗೆ ಆ ಹಿಡಿ ತಿರುಗಿಸುತ್ತಿದ್ದರಂತೆ. ಕೀಲಿ ಕೊಡುವ ಕೆಲಸ ಸಣ್ಣ ಹುಡುಗ ಅಜ್ಜನದು. ಅಂದರೆ ಅಜ್ಜನ ಕಿವಿ ಆ ಹಾಡನ್ನು ಕೇಳಿದ್ದು ಪ್ರತಿ ಸಲವೂ ಶ್ರುತಿ ಸೇರಿಸಿದ ಮೇಲೆ. ಆಗಿನ ಎಲ್ಲ ಪೇಟಿಗಳೂ ಒಂದೇ ಶ್ರುತಿಯವಲ್ಲ ಅನ್ನುವುದೂ ನಿಜ. ಹಾಗಾಗಿ ಇದೇ ಕೊನೆಯ ಸತ್ಯ ಅಂತ ನಾನು ಹೇಳುವುದಿಲ್ಲ. ಆದರೆ ಶ್ರುತಿ ಸೇರಿಸಬೇಕು ಅನ್ನುವ ಎಚ್ಚರ ಅವರಿಗಿತ್ತು. ಅಪ್‌ಲೋಡ್ ಮಾಡಿದವರಿಗೆ ಇರಲಿಲ್ಲ.

ನಾನು ಆ ಫೈಲನ್ನು ಸಾಫ್ಟ್‌ವೇರಿನಲ್ಲಿ ಎರಡೂವರೆ ಪರ್ಸೆಂಟ್ ನಿಧಾನ ಮಾಡಿ ಹಾಕಿದೆ. ಅಜ್ಜ ಪೇಟಿಯ ಮೇಲೆ ಬೆರಳಿಟ್ಟ. ಸ್ವರ ಕೂತಿತು. ಆಮೇಲೆ ಬೆರಳು ತೆಗೆದು ಸುಮ್ಮನೆ ಕೇಳುತ್ತಾ ಕೂತ. ಮೂರು ನಿಮಿಷ ಯಾರೂ ಮಾತಾಡಲಿಲ್ಲ, ಅಪ್ಪ ಕೂಡ.

84 ವರ್ಷದ ಕಿವಿಗೆ ಮೇಲಿನ ಆವರ್ತನ ಕೇಳುವುದಿಲ್ಲ ಅನ್ನುವುದು ನಿಜ. ಆದರೆ ಪ್ಲೇಟಿನಲ್ಲಿ ಮೇಲಿನ ಆವರ್ತನ ಮೊದಲೇ ಇರಲಿಲ್ಲ. ಇದ್ದದ್ದು ಶ್ರುತಿ, ಲಯ, ಸ್ವರ ಹಚ್ಚುವ ರೀತಿ. ಅದನ್ನು ಕೇಳುವ ಕಿವಿ ಅಜ್ಜನಿಗಿತ್ತು, ನನಗಿರಲಿಲ್ಲ. ನಾನು ಕಿಲೋಬಿಟ್ ಎಣಿಸುತ್ತಾ ಕೂತಿದ್ದೆ.

* * *

ಹಾಗಾದರೆ ಯಾವುದು ಚೆನ್ನ, ಪ್ಲೇಟೋ ಸ್ಟ್ರೀಮಿಂಗೋ?

ನನಗೆ ಈಗ ಅನ್ನಿಸುವುದು, ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಅಂತ. ಡಿಜಿಟಲ್ ಕಾಲದಲ್ಲೇ ಮುದ್ರಣವಾದ ಕಚೇರಿಗೆ, ಅಥವಾ ಕಂಪನಿಯವರು ಮೂಲ ಟೇಪಿನಿಂದ ಜೋಪಾನವಾಗಿ ತೆಗೆದದ್ದಕ್ಕೆ, ಒಳ್ಳೆಯ ದರ್ಜೆಯ ಸ್ಟ್ರೀಮಿಂಗ್ ಧಾರಾಳವಾಗಿ ಸಾಕು. ಸಿಡಿ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಅದರ ಉಪಕಾರ ದೊಡ್ಡದು. ನಮ್ಮ ಬಳ್ಳಾರಿ ಸೀಮೆಯಲ್ಲಿ ಹುಟ್ಟಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತ ಪಂ. ವೆಂಕಟೇಶ ಕುಮಾರ್ ಅವರ ಹಾಡುಗಾರಿಕೆಯನ್ನು ಇವತ್ತು ಕೂಡ್ಲಿಗಿಯ ಹುಡುಗನೊಬ್ಬ ವಿಲಂಬಿತದಿಂದ ದ್ರುತದವರೆಗೆ ಪೂರ್ತಿಯಾಗಿ ಮನೆಯಲ್ಲೇ ಕೂತು ಕೇಳಬಹುದು. ಅಂಗಡಿ ಮುಂದೆ ನಿಲ್ಲಬೇಕಿಲ್ಲ, ಮನೆ ಬಿಟ್ಟು ಓಡಬೇಕಿಲ್ಲ. (ಶಫಲ್ ಬಟನ್ ಮಾತ್ರ ಆಫ್ ಇರಲಿ. ನನ್ನ ಆ್ಯಪು ಮೊದಲು ದ್ರುತ್, ಆಮೇಲೆ ಒಂದು ಸಿನಿಮಾ ಹಾಡು, ಆಮೇಲೆ ವಿಲಂಬಿತ ಹಾಕಿದ್ದುಂಟು!)

ಆದರೆ ಹಳೇ ಪ್ಲೇಟಿನಿಂದ ಬಂದ ಹಾಡಿನ ಮಾತೇ ಬೇರೆ. ಅಲ್ಲಿ ಕೊನೆಯ ಮೆಟ್ಟಿಲು 320ಓ ಲಾಸ್‌ಲೆಸ್ಸೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಪ್ಲೇಟನ್ನು ಯಾರು ಓಡಿಸಿದರು, ಯಾವ ವೇಗದಲ್ಲಿ ಓಡಿಸಿದರು, ಯಾವ ಮುಳ್ಳು ಹಾಕಿದರು, ಗರಗರ ತೆಗೆಯಲು ಹೋಗಿ ತಂಬೂರಿಯನ್ನೂ ತೆಗೆದರೋ, ಇದು ಮುಖ್ಯ. ತಪ್ಪು ವೇಗದಲ್ಲಿ ಓಡಿಸಿದ್ದನ್ನು ಲಾಸ್‌ಲೆಸ್ ಮಾಡಿದರೆ ಆ ತಪ್ಪು ಒಂದು ಬಿಟ್ಟೂ ಕಳೆಯದೆ ಉಳಿಯುತ್ತದೆ, ಅಷ್ಟೇ. ಆಗ ಸರಿ ತಪ್ಪು ನೋಡಲು ಮೂಲ ಪ್ಲೇಟು ಎಲ್ಲೋ ಒಂದು ಕಡೆ ಉಳಿದಿರಬೇಕು. ಇದನ್ನು ಅರಿತವರು ನಮ್ಮಲ್ಲಿ ಇದ್ದಾರೆ. ಮುಂಬೈಯಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಅನ್ನುವ ಬಳಗ 1990ರಿಂದ ಇಂಥ ಪ್ಲೇಟುಗಳ ಕೆಲಸ ಮಾಡುತ್ತಾ ಬಂದಿದೆ.

ಟ್ರಂಕು ಗುಜರಿಗೆ ಹೋಗಲಿಲ್ಲ. ಕ್ಯಾಸೆಟ್ಟುಗಳಲ್ಲಿ ಅರ್ಧದಷ್ಟು ಬೂಸ್ಟು ಹಿಡಿದಿದ್ದವು, ಅವನ್ನು ತೆಗೆದೆವು. ಸಿಡಿಗಳನ್ನು ಕಾಪಿ ಮಾಡಿಕೊಂಡು ಕೊಡಲು ಅಜ್ಜನೂ ಒಪ್ಪಿದ. ಪ್ಲೇಟುಗಳನ್ನು ಒಂದೊಂದಾಗಿ ಡಿಜಿಟಲ್ ಮಾಡಲು ಶುರು ಮಾಡಿದ್ದೇನೆ. ಊರಿಗೆ ಹೋದಾಗಲೆಲ್ಲ ಎರಡೋ ಮೂರೋ ಆಗುತ್ತವೆ. ನಾನು ವೈರು ಜೋಡಿಸುತ್ತೇನೆ, ಅಜ್ಜ ಪೇಟಿ ಹಿಡಿದು ಶ್ರುತಿ ಹೇಳುತ್ತಾನೆ. ಬರೀ ಹಾಡಲ್ಲ, ಲೇಬಲ್ ಮೇಲಿನ ನಂಬರು, ರಾಗದ ಹೆಸರು, ಅಜ್ಜನಿಗೆ ನೆನಪಿದ್ದದ್ದು, ಎಲ್ಲವನ್ನೂ ಪಕ್ಕದ ಫೈಲಿನಲ್ಲಿ ಬರೆಯುತ್ತಿದ್ದೇನೆ. ಗೌಹರ್ ಜಾನ್ ಹಾಡಿನ ಕೊನೆಗೆ ಹೆಸರು ಹೇಳಿದ್ದು ಯಾಕೆ ಅಂತ ಈಗ ಅರ್ಥವಾಗುತ್ತಿದೆ.

ನಿಮ್ಮ ಮನೆಯ ಅಟ್ಟದ ಮೇಲೂ ಇಂಥ ಟ್ರಂಕು ಇದ್ದರೆ ಎರಡು ಮಾತು. ಹಳೇ ಅರಗಿನ ಪ್ಲೇಟುಗಳನ್ನು ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಎಲ್‌ಪಿಯ ಮುಳ್ಳಿನಲ್ಲಿ ಅವುಗಳನ್ನು ಓಡಿಸಬೇಡಿ, ಆ ಗೆರೆ ಅಗಲ, ಅದರ ಮುಳ್ಳೇ ಬೇರೆ. ಡಿಜಿಟಲ್ ಮಾಡಿದರೆ ಗರಗರ ತೆಗೆಯುವ ಮುಂಚಿನ ಫೈಲನ್ನೂ ಇಟ್ಟುಕೊಳ್ಳಿ. ಎರಡು ಮಾತು ಅಂದು ನಾಲ್ಕಾಯಿತು, ಇರಲಿ ಬಿಡಿ.

ಇನ್ನೊಂದು, ಮನೆಯಲ್ಲಿ ಆ ಹಾಡು ಕೇಳಿದ ಹಿರಿಯರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಕೆಲಸ ಮಾಡಿ. ಪ್ಲೇಟು ಇನ್ನೂ ಐವತ್ತು ವರ್ಷ ಉಳಿದೀತು. ನಮ್ಮನೆಯಲ್ಲಿ ಆತುರ ಇರುವುದು ಪ್ಲೇಟಿನದಲ್ಲ.

ಮುಂದಿನ ಸಲ ಊರಿಗೆ ಹೋಗುವುದು ಸಂಕ್ರಾಂತಿಗೆ. ಖಾನ್‌ಸಾಹೇಬರ ಪ್ಲೇಟಿನ ಇನ್ನೊಂದು ಮಗ್ಗುಲು ಬಾಕಿ ಇದೆ. ನಿಮ್ಮ ಮನೆಯ ಟ್ರಂಕಿನಲ್ಲಿ ಏನೇನಿದೆ ಅಂತ ತಿಳಿಸಿ. ಕಾಯುತ್ತಿರುತ್ತೇನೆ.